ಮಷಿನ್ ಮನೆಯಲ್ಲೇ ಇರಬೇಕೆಂಬ ಷರತ್ತು

ನನ್ನ ಮನೆಗೆ ಬರುವವರಲ್ಲಿ ನನ್ನನ್ನು ನೋಡಲು ಬರುವವರು ಯಾರು, ನನ್ನ ಹುಲ್ಲು ಹೊಡೆಯುವ ಮಷಿನ್ ಕೇಳಲು ಬರುವವರು ಯಾರು ಎಂದು ನಾನು ಯಾವತ್ತೂ ವಿಚಾರ ಮಾಡಲು ಹೋದವನಲ್ಲ. ಕೆಲವು ವಿಚಾರಗಳನ್ನು ಮಾಡದೇ ಇದ್ದರೆ ಉಂಡ ಅನ್ನ ಮೈಗೆ ಹತ್ತುತ್ತದೆ. ಆದರೆ ಈ ವರ್ಷ ವಿಮೆಯ ಏಜೆಂಟನೊಬ್ಬ ಬಂದು ಆ ವಿಚಾರವನ್ನು ನನ್ನಿಂದಲೇ ಮಾಡಿಸಿಬಿಟ್ಟ. ನನಗೆ ನಲವತ್ತೊಂಬತ್ತು. ಮದುವೆಯಾಗಿಲ್ಲ. ಯಾಕೆಂದು ಕೇಳಬೇಡಿ; ತೋಟ ನೋಡಿಕೊಂಡಿರುವ ಗಂಡಿಗೆ ಹೆಣ್ಣು ಸಿಗದ ಕಾಲದಲ್ಲೇ ವಯಸ್ಸಿಗೆ ಬಂದದ್ದು ನನ್ನ ತಪ್ಪು. ಹೆತ್ತ ಆಯಿ ಇರುವವರೆಗೆ ಮನೆಯಲ್ಲಿ ಮಾತಿತ್ತು. ಅವಳು ಹೋದಮೇಲೆ, ಮಾತಾಡುವ ಅಭ್ಯಾಸ ತಪ್ಪಬಾರದೆಂದು ಕುಕ್ಕರ್ ಸೀಟಿ ಹೊಡೆದರೂ “ಹೋ, ಬಂದೆ” ಎನ್ನುತ್ತೇನೆ.

ಮಷಿನ್ ಎಂದರೆ ದೊಡ್ಡದೇನಲ್ಲ. ಹೆಗಲಿಗೆ ನೇತುಹಾಕಿಕೊಂಡು, ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ಗುರ್ರೆಂದು ತಿರುಗಿ ಹುಲ್ಲು ಸವರುವಂಥದ್ದು. ತ್ಯಾಗಲಿಯ ನಮ್ಮ ಕೇರಿಗೆ ಅದನ್ನು ಮೊದಲು ತಂದವನು ನಾನು. ಹಾಗಾಗಿ ಅದು ನನ್ನದು ಎನ್ನುವುದಕ್ಕಿಂತ ಕೇರಿಯದು ಎನ್ನುವುದೇ ಸರಿ. ನಮ್ಮಲ್ಲಿ ಸಾಮಾನು ಒಯ್ದವರು ಬರಿಗೈಯಲ್ಲಿ ವಾಪಸು ತರುವುದಿಲ್ಲ. ಒಂದು ಚಿಪ್ಪು ಬಾಳೆಹಣ್ಣೋ, ಕಬ್ಬಿನ ಹಾಲಿನ ನಾಲ್ಕು ತೊಡೆದೇವೋ ಜೊತೆಗೆ ಬರುತ್ತದೆ. ತಂದವರು ಜಗುಲಿಯಲ್ಲಿ ಕೂತು ಕವಳ ಹಾಕದೆ ಏಳುವುದಿಲ್ಲ. ಕವಳ ಬಾಯಲ್ಲಿದ್ದಾಗ ಸುದ್ದಿ ಹೇಳದಿರುವುದು ನಮ್ಮ ಕಡೆಯವರ ಕೈಲಾಗುವ ಕೆಲಸವಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ಇಟ್ಟ ಬಟ್ಟಲನ್ನು ನಾನು ದಿನಾ ತಿಕ್ಕಿ ಇಡುವುದು ಅದಕ್ಕೇ.

ಹೀಗಿರುವಾಗ ಆಚೆಮನೆ ಶ್ರೀಪಾದ ಭಾವನ ಔಷಧಿ ಹೊಡೆಯುವ ಪಂಪು ಕೊಟ್ಟಿಗೆಯಿಂದ ಕಳುವಾಯಿತು. ಅವನೇ ಸಿದ್ದಾಪುರದ ಗಜಾನನನನ್ನು ನನ್ನಲ್ಲಿಗೆ ಕಳಿಸಿದ. ಗಜಾನನ ಸಂಭಾವಿತ ಹುಡುಗ. ವಿಮೆ ಮಾರುವವನಾದರೂ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ. ಮೂರು ಬಗೆಯಿದೆ ಎಂದ. ಬೆಂಕಿ, ಸಿಡಿಲಿಗೆ ಮಾತ್ರ ಒಂದು. ಅದಕ್ಕೆ ಕಳವು ಸೇರಿದರೆ ಎರಡನೆಯದು. ಮುರಿದರೂ, ಸುಟ್ಟರೂ, ಕದ್ದರೂ ಎಲ್ಲಕ್ಕೂ ಆಗುವುದು ಮೂರನೆಯದು. ಅವಲಕ್ಕಿ ಬೇಕೋ ಉಪ್ಪಿಟ್ಟು ಬೇಕೋ ಎಂದರೆ ಎರಡನ್ನೂ ಬಡಿಸಿಕೊಳ್ಳುವ ಪೈಕಿ ನಾನು. ಮೂರನೆಯದೇ ಇರಲಿ ಎಂದೆ.

“ಹಂಗಾರೆ ಒಂದು ಫೋಟೋ ತೆಗಿಯವು ದತ್ತಣ್ಣ. ಮಷಿನ್ ಹಿಡ್ಕಂಡು ನಿಂತ್ಕ.”

“ಮಷಿನ್ ಮನೇಲಿ ಇಲ್ಲೆ.”

“ಮತ್ತೆ ಎಲ್ಲಿ ಇದ್ದು?”

“ಶ್ರೀಪಾದ ಭಾವನ ಮನೇಲಿ ಇಕ್ಕು.”

ಹೋದೆವು. ಶ್ರೀಪಾದ ಭಾವ ನಕ್ಕ. “ಅದನ್ನ ಮೊನ್ನೆನೇ ಬಂಗಾರ್ಯ ನಾಯ್ಕ ಒಯ್ದಾ. ನಿಂಗೆ ಗೊತ್ತಿಲ್ಯಾ?”

“ಯಂಗೆಂತ ಗೊತ್ತು ಮಾರಾಯಾ!”

“ಈಗ ಗೊತ್ತಾತಲೋ. ಆಸರಿಗೆ ಎಂತ ಕುಡಿತಿ, ಹೇಳು.”

ಅಲ್ಲಿ ಮಜ್ಜಿಗೆ ಕುಡಿದು ಬಂಗಾರ್ಯನ ಮನೆಗೆ ಹೋದರೆ, ಅವನು ಗಾಬರಿಯಾಗಿ ಎದ್ದು ನಿಂತ. “ಹೆಗ್ಡೇರೇ, ನೀವೇ ಬರ್ಬೇಕಾ? ಒಂದ್ ಫೋನ್ ಮಾಡಿದ್ರೆ ನಾನೇ ತರ್ತಿದ್ನಲ್ರಾ!” ಮಷಿನ್ ಅವನ ಗೋಡೆಯ ಗೂಟದಲ್ಲಿ, ಎಣ್ಣೆ ಒರೆಸಿಕೊಂಡು, ಮೇಲೊಂದು ಹಳೇ ಪಂಚೆ ಹೊದ್ದುಕೊಂಡು ನೇತಾಡುತ್ತಿತ್ತು. ನನ್ನ ಮನೆಯಲ್ಲಿ ಅದಕ್ಕೆ ಅಷ್ಟು ಉಪಚಾರ ಯಾವತ್ತೂ ಆಗಿರಲಿಲ್ಲ. ನನಗಿಂತ ನನ್ನ ಮಷಿನ್ನೇ ಹೆಚ್ಚು ಮನೆ ಕಂಡಿದೆ ಎಂದು ಆವತ್ತು ತಿಳಿಯಿತು. ಗಜಾನನನ ಬೈಕಿನ ಹಿಂದೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ. ಫೋಟೋ ಆಯಿತು. ಆಮೇಲೆ ಗಜಾನನ ಮೆಲ್ಲಗೆ ಷರತ್ತು ಓದಿದ: ಮಷಿನ್ ಮಾಲೀಕನ ಮನೆಯಲ್ಲೇ, ಬೀಗದೊಳಗೆ ಇರಬೇಕು, ಮಾಲೀಕ ಅಥವಾ ಅವನ ಆಳು ಮಾತ್ರ ನಡೆಸಬೇಕು. “ಇನ್ನು ಯಾರಿಗೂ ಕೊಡಲಾಗ್ತಿಲ್ಲೆ ದತ್ತಣ್ಣ, ಆಲೋಚನೆ ಮಾಡು.” ನಾನು ಆಲೋಚನೆ ಮಾಡಲಿಲ್ಲ. ಸಹಿ ಮಾಡಿದೆ.

ಮೊದಲ ವಾರ ಮೂವರು ಕೇಳಿಕೊಂಡು ಬಂದರು. ವಿಮೆಯ ಕಥೆ ಹೇಳಿದೆ. ಯಾರೂ ಸಿಟ್ಟಾಗಲಿಲ್ಲ. “ಅಡ್ಡಿಲ್ಲೆ ಬಿಡು” ಎಂದರು, ಅಷ್ಟೇ. ಆದರೆ ಆ ‘ಅಡ್ಡಿಲ್ಲೆ’ ಹೇಳುವಾಗ ಅವರ ಒಂದು ಕಾಲು ಆಗಲೇ ಮೆಟ್ಟಿಲು ಇಳಿದಿರುತ್ತಿತ್ತು. ಎರಡನೇ ವಾರ ಕೇಳುವವರೂ ಇಲ್ಲ. ಬಟ್ಟಲಿನ ಎಲೆ ಒಣಗಿ ಹಪ್ಪಳದಂತೆ ಸದ್ದು ಮಾಡತೊಡಗಿತು. ನಾನು ದಿನಾ ಬೀಗ ತೆಗೆದು ಮಷಿನ್ ಇದೆಯೇ ಎಂದು ನೋಡುತ್ತಿದ್ದೆ. ಇರುತ್ತಿತ್ತು. ಕದಿಯಲಾದರೂ ಒಬ್ಬ ಬರಬಾರದೇ ಎನ್ನಿಸುವಷ್ಟು ಭದ್ರವಾಗಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಅಂಗಳಕ್ಕೆ ತಂದು ಸುಮ್ಮನೆ ಹಗ್ಗ ಎಳೆದೆ. ಮನೆಯಲ್ಲಿ ಏನಾದರೊಂದು ಸದ್ದಾಗಲಿ ಎಂದು, ಮತ್ತೇನಲ್ಲ. ಬೇಲಿಯಾಚೆಯಿಂದ ಶ್ರೀಪಾದ ಭಾವ ಕೂಗಿದ:

“ಎಂತ ಹೊಡಿತ್ಯೋ ಅಲ್ಲಿ? ಹುಲ್ಲೇ ಇಲ್ಲೆ!”

ನಾನು ಮಷಿನ್ ನಿಲ್ಲಿಸಿ, “ಬಾರೋ ಭಾವ, ಒಂದು ಕವಳ ಹಾಕು” ಎಂದೆ.

“ಪುರಸೊತ್ತಿಲ್ಯೋ. ಕತ್ತಿಲಿ ಸವರದು, ಸಂಜೆವರೆಗೂ ಮುಗಿತಿಲ್ಲೆ” ಎಂದು ಬಗ್ಗಿದ. ಅವನ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಬಗ್ಗಿದ ಮೇಲೆ ಅವನ ಮುಂಡಾಸು ಮಾತ್ರ ಕಾಣುತ್ತಿತ್ತು.

ಆಗಲೇ ಗಜಾನನನಿಗೆ ಫೋನ್ ಮಾಡಿದೆ. ಮೂರನೆಯದು ಬೇಡ, ಬೆಂಕಿಯದೊಂದು ಸಾಕು ಎಂದೆ.

“ಕದ್ರೆ ಎಂತ ಮಾಡ್ತೆ ದತ್ತಣ್ಣ?”

“ಕದ್ದವ ಹ್ಯಾಂಗೂ ಕವಳ ಹಾಕಲೆ ಬತ್ನಿಲ್ಲೆ. ಅವನ ಸುದ್ದಿ ಬಿಡು.”

ಗಜಾನನ, ಬೆಂಕಿಯದಕ್ಕೂ ಮಷಿನ್ ನನ್ನ ಮನೆಯಲ್ಲಿರುವಾಗಷ್ಟೇ ಪರಿಹಾರ ಎಂದ. ಇರಲಿ ಎಂದೆ. ಅಂದರೆ ಯಾರೂ ಬಾರದ ದಿನಗಳಿಗೆ ಮಾತ್ರ ನನಗೀಗ ವಿಮೆಯಿದೆ. ಆ ಸಂಜೆ ಬೇಲಿ ದಾಟಿ ಮಷಿನ್ನನ್ನು ನಾನೇ ಹೊತ್ತು ಶ್ರೀಪಾದ ಭಾವನ ಹೆಗಲಿಗೆ ಹಾಕಿ ಬಂದೆ.

ಆದರೂ ಒಂದು ಭಯ ಉಳಿದಿತ್ತು. ಮಷಿನ್ ಮೊದಲಿನಂತೆ ಶ್ರೀಪಾದನಿಂದ ಬಂಗಾರ್ಯನಿಗೆ, ಅವನಿಂದ ಮತ್ತೊಬ್ಬನಿಗೆ ನೇರವಾಗಿ ಹೋಗಿಬಿಟ್ಟರೆ ನಡುವೆ ನನ್ನ ಮನೆಯೇ ತಪ್ಪುತ್ತದೆ. ಅದಕ್ಕೆ ಯಾವ ಕಂಪನಿಯಲ್ಲೂ ವಿಮೆ ಇಲ್ಲ. ಹಾಗಾಗಿ ನಾನೇ ಒಂದು ಮಾಡಿಕೊಂಡೆ. ಬಯಲಿನ ಹುಲ್ಲಿಗೆ ಮಷಿನ್ನಿನ ಬ್ಲೇಡು ಆಗುತ್ತದೆ. ಕಲ್ಲುಕಟ್ಟೆಯ ಬದಿಗೆ ಬಂದರೆ, ಕಲ್ಲಿಗೆ ತಾಗಿ ಮುರಿಯದಂತೆ, ಬ್ಲೇಡು ಬಿಚ್ಚಿ ನೈಲಾನ್ ದಾರ ಹಾಕಬೇಕು. ಬಿಚ್ಚಲು ಒಂದು ಪಾನಾ ಬೇಕು. ಮಷಿನ್ ಕೊಡುವಾಗ ನಾನು ಆ ಪಾನಾ ಕೊಡಲು ಮರೆಯುತ್ತೇನೆ.

ಇವತ್ತು ಬೆಳಿಗ್ಗೆ ಬಂಗಾರ್ಯ ಒಯ್ದಿದ್ದಾನೆ. ಬಯಲು ಮುಗಿಸಿ ಕಟ್ಟೆಯ ಬದಿಗೆ ಬರುವಾಗ ಅವನಿಗೆ ಹನ್ನೊಂದಾಗುತ್ತದೆ. ಬಟ್ಟಲಿಗೆ ಹೊಸ ಎಲೆ ಹಾಕಿಟ್ಟಿದ್ದೇನೆ, ಎರಡು ಲೋಟ ನೀರು ಒಲೆಯ ಮೇಲಿದೆ. ಪಾನಾ ನನ್ನ ಅಂಗಿಯ ಕಿಸೆಯಲ್ಲೇ ಇದೆ. ಅವನು ಬಂದು ಕೇಳಿದರೆ ಎಲ್ಲಿಟ್ಟೆನೋ ಎಂದು ಹುಡುಕಬೇಕು. ಚಹಾ ಕುದಿಯುವವರೆಗಾದರೂ ಹುಡುಕಬೇಕು.