ಜೀರುಂಡೆಗಳ ಅರಮನೆ

ಡಬ್ಬಿ, ಪೆಟ್ಟಿಗೆಗಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಾನು ಪೆಟ್ಟಿಗೆ ಕಾರ್ಖಾನೆಯ ಸೂಪರ್‌ವೈಸರ್. ಗಾಜಿನ ಲೋಟದಿಂದ ಹಿಡಿದು ಪಿಯಾನೋವರೆಗೆ, ನಾನು ಕಟ್ಟಿಸಿ ಕಳಿಸಿದ್ದು ಯಾವುದೂ ಒಡೆದು ವಾಪಸ್ ಬಂದಿಲ್ಲ. ಹಾಗಾಗಿ ಮಗಳ ಹಲ್ಲಿಗೆ ಆಹಾರವಾಗಬೇಕಿದ್ದ ಜೀರುಂಡೆಗಳಿಗೆ ಒಂದು ಗೂಡು ಬೇಕೆಂದಾಗ, "ಅಂಗಡಿಯದು ಬೇಡ, ನಾನೇ ಅರಮನೆ ಕಟ್ತೀನಿ" ಎಂದು ಘೋಷಿಸಿಬಿಟ್ಟೆ.

ಹೌದು, ಹಲ್ಲಿ. ಗೋಡೆಯ ಮೇಲೆ ಪುಕ್ಕಟೆಯಾಗಿ ಹರಿದಾಡುವ ಹಲ್ಲಿಯನ್ನು ಪೊರಕೆ ಹಿಡಿದು ಓಡಿಸುವ ನಮ್ಮ ಮನೆಗೇ, ದುಡ್ಡು ಕೊಟ್ಟು, ಮೈಮೇಲೆ ಚುಕ್ಕೆಗಳಿರುವ ಹಲ್ಲಿಯೊಂದನ್ನು ತಂದಿದ್ದೆವು. ಸತ್ತ ಹುಳವನ್ನು ಅದು ಮೂಸಿಯೂ ನೋಡದು. ಜೀವಂತ ಜೀರುಂಡೆಯೇ ಆಗಬೇಕು.

"ಗಾಜು ತನ್ನಿ, ಇಲ್ಲಾ ಗಟ್ಟಿ ಪ್ಲಾಸ್ಟಿಕ್. ಮೇಲೆ ಸ್ಟೀಲ್ ಜಾಲರಿ. ಅಂಗಡಿಯವನು ಹಾಗೇ ಹೇಳಿದ್ದು," ಎಂದಳು ಹೆಂಡತಿ.

"ಅವನು ಮಾರೋನು. ನಾನು ಮಾಡೋನು," ಎಂದೆ.

ಮೊದಲ ಅರಮನೆ ಮರದ್ದು. ಹಲಗೆಗೆ ಹಸಿರು ಬಣ್ಣ ಬಳಿದು, ಮೇಲೆ ವಾರ್ನಿಷ್ ಹೊಡೆದೆ. ಹೊಳಪಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಬೆಳಗ್ಗೆ ಜೀರುಂಡೆಗಳನ್ನು ಒಳಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಕಾಲು ಮೇಲೆ ಮಾಡಿ ಮಲಗಿದ್ದವು.

"ನಿದ್ದೆ ಮಾಡ್ತಿವೆ," ಎಂದೆ.

"ಅಪ್ಪ, ವಾರ್ನಿಷ್ ವಾಸನೆಗೆ ಸತ್ತಿವೆ," ಎಂದು ಮಗಳು ಅಳತೊಡಗಿದಳು. "ಬದುಕಿರೋದನ್ನೂ ಹಾಕಬೇಡ. ವಿಷ ಮೆತ್ತಿದ ಹುಳ ತಿಂದ್ರೆ ನನ್ನ ಹಲ್ಲೀನೂ ಹೋಗುತ್ತೆ."

ಹಲ್ಲಿ ಉಪವಾಸ ಕೂತಿತು. ಅದರ ಬಾಲ ಸಣ್ಣಗಾಗುತ್ತಿದೆ ಎಂದು ಮಗಳು ಗಳಿಗೆಗೊಮ್ಮೆ ವರದಿ ಒಪ್ಪಿಸುತ್ತಿದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಓಡಿಹೋಗಿ ಹೊಸ ಜೀರುಂಡೆ ತಂದೆ. ಈ ಸಲ ಪ್ಲಾಸ್ಟಿಕ್ ಟಬ್. ಅದರ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಬಿಗಿದೆ.

"ನೈಲಾನ್ ಕಡೀತಾವಂತೆ," ಎಂದಳು ಹೆಂಡತಿ.

"ಸೊಳ್ಳೆಗೇ ದಾರಿ ಬಿಡದ ಪರದೆ ಇದು."

ಸೊಳ್ಳೆಗೆ ಹಲ್ಲಿಲ್ಲ. ಹಲ್ಲಿಯ ಚಿಂತೆಯಲ್ಲಿ ನಾನು ಹಲ್ಲಿನ ವಿಷಯವನ್ನೇ ಮರೆತಿದ್ದೆ.

ಮರುದಿನ ಕೆಲಸದಿಂದ ಬಂದರೆ ಪರದೆಯಲ್ಲಿ ಬಟಾಣಿ ಗಾತ್ರದ ತೂತು. ಟಬ್ ಖಾಲಿ, ಮನೆ ಭರ್ತಿ. ಸೋಫಾದ ಸಂದಿ, ಮಗಳ ಶೂ, ಹೆಂಡತಿಯ ಕೈಚೀಲ, ಎಲ್ಲ ಕಡೆ ಜೀರುಂಡೆ. ನಾನು ಜರಡಿ ಹಿಡಿದು, ಮಗಳು ಲೋಟ ಹಿಡಿದು, ಮನೆಯೆಲ್ಲ ಅಂಬೆಗಾಲಿಟ್ಟೆವು. ಸಿಕ್ಕಿದ್ದನ್ನೆಲ್ಲ ಹೆಂಡತಿ ತಾನೇ ತಂದ ಗಾಜಿನ ತೊಟ್ಟಿಗೆ ಹಾಕಿ, ಸ್ಟೀಲ್ ಜಾಲರಿ ಮುಚ್ಚಿದಳು. ಹಲ್ಲಿ ಮೊದಲನೆಯದನ್ನು ಗುಳುಂ ಮಾಡಿದಾಗ ಮಗಳ ಮುಖ ಅರಳಿತು.

ನಾನು ಸೋಫಾಕ್ಕೆ ಒರಗಿ ಕಾಲು ಚಾಚಿದೆ. "ಆಹಾ, ಎಂಥಾ ನಿಶ್ಶಬ್ದ. ಒಂದನ್ನೂ ಬಿಡದೆ ಹಿಡಿದೆ ನೋಡು."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರೂ ಕಿವಿ ಮುಚ್ಚಿಕೊಂಡಿದ್ದರು.

"ಅಪ್ಪ, ನೀನು ಕೂತಿರೋ ಸೋಫಾ ಕೆಳಗೇ ಒಂದು ಕಿರುಚ್ತಾ ಇದೆ."

"ಎಲ್ಲಿ? ನನಗೇನೂ ಕೇಳಿಸ್ತಿಲ್ವಲ್ಲ."

ಹೆಂಡತಿಯ ಸಿಟ್ಟು ತಟ್ಟನೆ ಇಳಿಯಿತು. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದೇ ಅವಳ ಉದ್ಯೋಗ. ಬೆಳಗಾಗುತ್ತಲೇ ನನ್ನನ್ನು ಎಳೆದೊಯ್ದು, ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೊಂದು ಗುಂಡಿ ಕೊಟ್ಟಳು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಒತ್ತಿದೆ. ಆಮೇಲೆ ಬಹಳ ಹೊತ್ತು ಒತ್ತಲೇ ಇಲ್ಲ. ಗಾಜಿನಾಚೆ ಅವಳ ಮುಖ ಗಂಭೀರವಾಗುತ್ತಾ ಹೋಯಿತು. ನನ್ನನ್ನು ಕೂಡಿಹಾಕಿದ್ದ ಆ ಪೆಟ್ಟಿಗೆಯನ್ನು ಮಾತ್ರ ಯಾರೋ ಬಹಳ ಚೆನ್ನಾಗಿ ಮಾಡಿದ್ದರು.

"ಕಾರ್ಖಾನೆ ಯಂತ್ರದ ಗದ್ದಲಕ್ಕೆ ಕಿವಿ ಸ್ವಲ್ಪ ಸವೆದಿದೆ," ಎಂದಳು ಹೊರಬಂದ ಮೇಲೆ. "ತೀರಾ ಕೀರಲು ಸದ್ದು ನಿಮಗೆ ಕೇಳಿಸಲ್ಲ. ಇನ್ಮೇಲೆ ಅಲ್ಲಿ ಕಿವಿ ಮುಚ್ಕೊಂಡೇ ಕೆಲಸ ಮಾಡ್ಬೇಕು. ಇಷ್ಟಕ್ಕೇ ನಿಲ್ಲುತ್ತೆ, ಹೆದರಬೇಡಿ."

ನನ್ನೊಳಗೆ ಸಣ್ಣದೊಂದು ಆಸೆ ಚಿಗುರಿತು. "ಹಾಗಾದ್ರೆ ಇಷ್ಟು ವರ್ಷ ನಿನ್ನ ಮಾತು ನನ್ನ ಕಿವಿಗೆ ಬೀಳದೇ ಇದ್ದಿದ್ದಕ್ಕೂ ಇದೇ ಕಾರಣ ಇರಬೇಕು. ಪಾಪ, ನನ್ನದೇನೂ ತಪ್ಪಿಲ್ಲ."

ಅವಳು ಪರೀಕ್ಷೆಯ ಫಲಿತಾಂಶ ಮೂಡಿದ್ದ ಕಾಗದ ತೆಗೆದು, ಅದರ ಗೆರೆಯ ಮೇಲೆ ಬೆರಳಿಟ್ಟಳು.

"ಇಲ್ನೋಡಿ. ನನ್ನ ಧ್ವನಿ ಬರೋದು ಈ ಕಡೆ. ಇಲ್ಲಿ ನಿಮ್ಮ ಕಿವಿ ನೂರಕ್ಕೆ ನೂರು."