ಲಂಡನ್ ದಾರಿಯೂ ನಮ್ಮ ಮನೆಯ ಕಸವೂ

ಭೂಗೋಳ ಕಲಿಸುವ ಮಾಸ್ತರರಿಗೆ ಒಂದು ಜಂಬವಿರುತ್ತದೆ. ದಾಂಡೇಲಿ ಬಿಟ್ಟು ಹುಬ್ಬಳ್ಳಿಯ ಆಚೆ ಕಾಲಿಡದಿದ್ದರೂ ಸಹಾರಾ ಮರಳುಗಾಡನ್ನು ನಿನ್ನೆಯಷ್ಟೇ ದಾಟಿ ಬಂದವರ ಹಾಗೆ ಮಾತಾಡುತ್ತೇವೆ. ನನಗೂ ಈ ಜಂಬ ಬೇಕಾದಷ್ಟಿತ್ತು.

ನಮ್ಮ ಅವ್ವನದು ಒಂದು ಪದ್ಧತಿ. ಮನೆಯಿಂದ ಯಾರಾದರೂ ಪರವೂರಿಗೆ ಹೊರಟರೆ, ಅವರು ಹೋಗಿ ಮುಟ್ಟುವವರೆಗೆ ಮನೆಯಲ್ಲಿ ಕಸಬರಿಗೆ ಹಿಡಿದು ಕಸ ಹೊಡೆಯುವಂತಿಲ್ಲ. ಹಳಿಯಾಳದ ಸಂತೆಗೆ ಹೋದರೆ ಒಂದೆರಡು ತಾಸಿನ ಮಾತು, ತೊಂದರೆಯಿರಲಿಲ್ಲ. ಆದರೆ ನಮ್ಮೂರಿನ ಕಾಗದದ ಕಾರ್ಖಾನೆಯವರು ಹೊಸ ಯಂತ್ರದ ಕೆಲಸ ಕಲಿತು ಬರಲೆಂದು ಅಲ್ಲೇ ದುಡಿಯುವ ನನ್ನ ತಮ್ಮ ಬಸುವನ್ನು ಲಂಡನ್ನಿಗೆ ಕಳಿಸಿದರು. ಬಸ್ಸಿನಲ್ಲಿ ಹುಬ್ಬಳ್ಳಿ, ರೈಲಿನಲ್ಲಿ ಮುಂಬಯಿ, ಅಲ್ಲಿಂದ ವಿಮಾನ. ಮುಂಬಯಿ ನಡುದಾರಿ, ಅದು ಮುಟ್ಟಿದ ಲೆಕ್ಕವಲ್ಲ ಎಂದು ಅವ್ವ ತೀರ್ಪು ಕೊಟ್ಟಳು. ಅಷ್ಟರಲ್ಲೇ ನಮ್ಮ ಪಡಸಾಲೆಯಲ್ಲಿ ಶೇಂಗಾ ಸಿಪ್ಪೆ, ಕಾರ್ಖಾನೆಯ ಬಿದಿರಿನ ಧೂಳು, ಮಕ್ಕಳ ಕಾಲಿನ ಮಣ್ಣು ಸೇರಿ ನಕಾಶೆಯಲ್ಲಿಲ್ಲದ ಒಂದು ಖಂಡ ಎದ್ದಿತ್ತು.

ನನ್ನ ಹೆಂಡತಿ ಸುಶೀಲಾ ಅತ್ತೆಗೆ ಎದುರಾಡುವವಳಲ್ಲ, ಎದುರಾಡುವುದೇನಿದ್ದರೂ ನನಗೆ. ಇಷ್ಟು ಓದಿದ್ದೀರಿ, ಮೈದುನ ಎಷ್ಟು ಹೊತ್ತಿಗೆ ಮುಟ್ಟುತ್ತಾನೆಂದಾದರೂ ಹೇಳಿ ಎಂದಳು. ಶಾಲೆಯ ನಕಾಶೆ ತಂದು ಹಾಸಿ, ಮುಂಬಯಿಯಿಂದ ಲಂಡನ್ನಿಗೆ ದಾರ ಹಿಡಿದೆ. ಸುಮಾರು ನಾಲ್ಕೂವರೆ ಸಾವಿರ ಮೈಲಿ. ವಿಮಾನ ತಾಸಿಗೆ ಐನೂರು ಮೈಲಿ ಹಾರುತ್ತದೆಂದು ಪತ್ರಿಕೆಯಲ್ಲಿ ಓದಿದ್ದೆ. ಗುರುವಾರ ನಸುಕಿನ ಆರಕ್ಕೆ ಹೊರಟರೆ ನಮ್ಮ ಗಡಿಯಾರದ ಮಧ್ಯಾಹ್ನ ಮೂರಕ್ಕೆ ಅಲ್ಲಿ. ಮುಂಡಗೋಡದ ಬಸ್ಸೇ ಹೇಳಿದ ಹೊತ್ತಿಗೆ ಬರುವುದಿಲ್ಲ ಎಂದಷ್ಟೇ ಅವ್ವ ಗೊಣಗಿದಳು.

ನಾನು ನಗಲಿಲ್ಲ. ಅಪ್ಪ ಮಳಗಿ ಎಂಬ ಹಳ್ಳಿಗೆ ಎತ್ತು ನೋಡಲು ಹೋದ ದಿನ, ಚಕ್ಕಡಿ ಊರ ಅಗಸಿ ಬಾಗಿಲು ದಾಟುವ ಮೊದಲೇ ಯಾರೋ ನಮ್ಮ ಅಂಗಳ ಗುಡಿಸಿದ್ದರು. ದಾರಿಯ ಹಳ್ಳದಲ್ಲಿ ಚಕ್ಕಡಿ ಉರುಳಿತು. ಅಪ್ಪ ತಿರುಗಿ ಬರಲಿಲ್ಲ. ಕಸಬರಿಗೆಗೂ ಆ ಹಳ್ಳಕ್ಕೂ ಸಂಬಂಧವಿಲ್ಲವೆಂದು ಅವ್ವನಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಪ್ರತಿ ಸಲವೂ ಅವಳು ಹೂಂ ಅಂದಿದ್ದಾಳೆ.

ಗುರುವಾರ ಮೂರು ಹೊಡೆಯಿತು. ಬಸು ಮುಟ್ಟಿದ, ಇನ್ನು ಕಸ ಹೊಡೆಯಬಹುದು ಎಂದು ಸಾರಿದೆ. ಸುಶೀಲಾಳ ಕೈಗೆ ಕೊಡದೆ ಅವ್ವ ತಾನೇ ಕಸಬರಿಗೆ ಹಿಡಿದು ಬಾಗಿದಳು. ನನ್ನ ಲೆಕ್ಕವನ್ನು ನಂಬಿದಳಲ್ಲ ಎಂದು ನಾನು ಹಿಗ್ಗಬೇಕಿತ್ತು. ಬದಲಿಗೆ ಹಾಸಿದ್ದ ನಕಾಶೆಯತ್ತ ಕಣ್ಣು ಹೋಯಿತು. ದುಂಡಗಿನ ಭೂಮಿಯನ್ನು ಚಪ್ಪಟೆ ನಕಾಶೆಯ ಮೇಲೆ ಅಳೆದಿದ್ದೆ. ಎದುರುಗಾಳಿ ಇದ್ದರೆ? ಎಣ್ಣೆ ತುಂಬಿಸಲು ನಡುವೆ ಇಳಿದಿದ್ದರೆ? ಬಸು ಇನ್ನೂ ಯಾವುದೋ ಸಮುದ್ರದ ಮೇಲೇ ಇದ್ದರೆ? ಎದ್ದು ಹೋಗಿ ಅವಳ ಕೈಯಿಂದ ಕಸಬರಿಗೆ ಕಸಿದುಕೊಂಡೆ.

“ಯವ್ವಾ, ಮುಟ್ಟೀನಂತ ಬಸೂನ ತಾರು ಬರೂತನಕ ಇರ್ಲಿ ಬಿಡು,” ಅಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. “ಲೆಕ್ಕಾ ನಿಂದು, ಅಂಜಿಕಿ ನಂದು ಅಂದ್ಕೊಂಡಿದ್ದೆ. ನಿನಗೂ ಐತೇನಪಾ,” ಎಂದು ಮೆಲ್ಲಗೆ ಹೇಳಿ, ಆ ಕಸದ ನಡುವೆಯೇ ನನ್ನ ಪಕ್ಕ ಕುಳಿತಳು.

ಬಸು ಕೊಟ್ಟ ತಂತಿ ಸುದ್ದಿ ಬಂದದ್ದು ಶನಿವಾರ. ಅಲ್ಲಿಯವರೆಗೆ ಸುಶೀಲಾ ಎರಡು ಸಲ ಕಸಬರಿಗೆಗೆ ಕೈ ಹಾಕಿದಳು. ಎರಡು ಸಲವೂ ಗದರಿಸಿ ಬಿಡಿಸಿದ್ದು ಅವ್ವನಲ್ಲ, ಭೂಗೋಳದ ಮಾಸ್ತರ.