ಅಮ್ಮ ಆರಿಸಿದ ಹೆಲ್ಮೆಟ್ಟು

ನಮ್ಮ ಮನೆಗೆ ಯಾವ ಸಾಮಾನೂ ಸುಮ್ಮನೆ ಬಂದು ಕೂತಿದ್ದಿಲ್ಲ. ಮಿಕ್ಸಿ ಬಂದರೂ ಅದರ ಹಿಂದೆಯೇ ಒಂದು ಕಥೆ ಬರುತ್ತದೆ. ಮಿಕ್ಸಿ ಕೆಟ್ಟು ಹೋದಮೇಲೂ ಕಥೆ ಓಡುತ್ತಿರುತ್ತದೆ. ಈಚಿನದು ಹೆಲ್ಮೆಟ್ಟಿನ ಕಥೆ. ಸ್ಕೂಟರಿನದಲ್ಲ, ಬಂಡೆ ಹತ್ತುವವರು ಹಾಕಿಕೊಳ್ಳುವ ಹೆಲ್ಮೆಟ್ಟು.

ಪ್ರವಾಸಿಗಳನ್ನು ದೇಶದೇಶ ಸುತ್ತಿಸಿಕೊಂಡು ಬರುವುದು ನನ್ನ ಕಸುಬು. ಅಷ್ಟು ಸುತ್ತಿಯೂ ಐವತ್ತಾರನೇ ವಯಸ್ಸಿಗೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಶೋಳಿಂಗನಲ್ಲೂರಿನಲ್ಲಿ ಬಂಡೆ ಹತ್ತುವುದನ್ನು ಕಲಿಯಲು ಐಟಿಯವರು ಆಫೀಸು ಮುಗಿಸಿ ಬಂದು ಹತ್ತಿ ಇಳಿಯುವ ಒಂದು ಗೋಡೆ ಇದೆ. ನಾನೂ ಹೋಗಿ ಸೇರಿಕೊಂಡೆ. ಗೋಡೆ ಒಂದಷ್ಟು ಬಂದಮೇಲೆ ನಿಜವಾದ ಬಂಡೆಗೆ ಕರೆದುಕೊಂಡು ಹೋಗುತ್ತೇವೆ ಅಂದರು. ಅವರು ಎಲ್ಲರಿಗೂ ಕೊಡುವ ಹೆಲ್ಮೆಟ್ಟನ್ನು ಒಂದು ಸಲ ಮೂಸಿದೆ. ಚೆನ್ನೈನ ಇಡೀ ಬೇಸಿಗೆ ಅದರೊಳಗೆ ಮನೆ ಮಾಡಿಕೊಂಡಿತ್ತು. ನನ್ನದೇ ಒಂದು ಬೇಕು ಅನ್ನಿಸಿತು. ಅದಕ್ಕೂ ಮೊದಲು ಅಮ್ಮನ ಒಪ್ಪಿಗೆ ಬೇಕಿತ್ತು. ಈ ವಯಸ್ಸಿಗೂ ಅಮ್ಮನ ಒಪ್ಪಿಗೆಯೇ ಅಂತ ಕೇಳುವವರು ನಮ್ಮಮ್ಮನನ್ನು ನೋಡಿಲ್ಲ.

ಕಷ್ಟ ಏನೆಂದರೆ, ಪೊಂಗಲ್ ಹೊತ್ತಿಗೆ ಅಮ್ಮ ಸ್ಟೂಲಿನಿಂದ ಬಿದ್ದಿದ್ದಳು. ನವರಾತ್ರಿಯ ಗೊಂಬೆಗಳ ಟ್ರಂಕು ಇರುವುದು ಪರಣಿನ ಮೇಲೆ. ಮದರಾಸಿನ ಕನ್ನಡಿಗರಾದ ನಮಗೆ ಅಟ್ಟವೆಂದರೆ ಪರಣೇ. ಗೊಂಬೆಗಳು ಹೇಗಿವೆ ಅಂತ ವಿಚಾರಿಸಲು ಹತ್ತಿ ಕೈ ಉಳುಕಿಸಿಕೊಂಡಿದ್ದಳು. ಇನ್ನು ಮೇಲೆ ಸ್ಟೂಲು ಹತ್ತಕೂಡದು ಅಂತ ನಾನು ಕಟ್ಟಪ್ಪಣೆ ಮಾಡಿದ್ದೆ. ಈಗ ಬಂಡೆಯ ವಿಷಯ ಎತ್ತಿದ ಕೂಡಲೇ ಅಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು.

"ನಾನು ಸ್ಟೂಲ್ ಹತ್ತಬಾರದು, ನೀನು ಬಂಡೆ ಹತ್ತಬಹುದು. ಇದು ಯಾವೂರ ನ್ಯಾಯವೇ?"

"ಅಮ್ಮ, ನಾನು ಹೆಲ್ಮೆಟ್ ಹಾಕ್ಕೋತೀನಿ. ಕೆಳಗೆ ಒಬ್ಬರು ನನ್ನನ್ನೇ ನೋಡ್ಕೊಂಡು ನಿಂತಿರ್ತಾರೆ. ಇಷ್ಟಿದ್ದರೆ ಯಾರು ಬೇಕಾದರೂ ಹತ್ತಬಹುದು."

ಅಮ್ಮ ಮತ್ತೆ ಸೌತೆಕಾಯಿ ಕೈಗೆತ್ತಿಕೊಂಡಳು. "ಸರಿ ಹಾಗಾದ್ರೆ. ಹೆಲ್ಮೆಟ್ ಮಾತ್ರ ನಾನು ಆರಿಸ್ತೀನಿ."

ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬೆಟ್ಟದ ಮೇಲೆ ಪೊಲೀಸು

ಪುರಸೈವಾಕ್ಕಂ ಪೇಟೆಯಲ್ಲಿ ಸಿಗದ ವಸ್ತು ಪ್ರಪಂಚದಲ್ಲೇ ಇಲ್ಲ ಅನ್ನುವುದು ಅಮ್ಮನ ಸಿದ್ಧಾಂತ. ಅಪ್ಪ ರೈಲ್ವೆಯಲ್ಲಿದ್ದ ಕಾಲದಿಂದ ನಮ್ಮ ಮನೆಯ ಪಾತ್ರೆ, ಸೀರೆ, ಸೊಳ್ಳೆಪರದೆ ಎಲ್ಲವೂ ಅಲ್ಲಿಯವೇ. ಬಂಡೆಯ ಹೆಲ್ಮೆಟ್ಟು ಅಲ್ಲಿರುವುದಿಲ್ಲ ಅಂತ ನಾನು ಹೇಳಿದೆ. ನೀನು ಸರಿಯಾಗಿ ಕೇಳಿರುವುದಿಲ್ಲ ಅಂತ ಅವಳು ಹೊರಟೇಬಿಟ್ಟಳು.

ಫುಟ್‌ಪಾತಿನಲ್ಲಿ ಹೆಲ್ಮೆಟ್ಟುಗಳನ್ನು ಗೋಪುರದ ಹಾಗೆ ಜೋಡಿಸಿಕೊಂಡು ಕೂತಿದ್ದವನು "ಎನ್ನ ವಂಡಿ?" ಅಂದ. ಯಾವ ಗಾಡಿಗೆ ಅಂತ. ಗಾಡಿಗಲ್ಲಪ್ಪ, ನನ್ನ ಮಗಳು ಬೆಟ್ಟ ಹತ್ತುತ್ತಾಳೆ ಅಂತ ಅಮ್ಮ ಅವನಿಗೆ ಅಚ್ಚ ತಮಿಳಿನಲ್ಲಿ ವಿವರಿಸಿದಳು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಡೆದುಕೊಂಡೇ ಹತ್ತುವುದಾ ಅಂತ ಕೇಳಿದ. ಹೌದು ಅಂದೆವು. ಅವನು ಗೋಪುರದ ಮೇಲಿನ ಧೂಳನ್ನು ಸಾವಧಾನವಾಗಿ ಒರೆಸಿ ಇನ್ನೊಂದು ಪ್ರಶ್ನೆ ಹಾಕಿದ.

"ಬೆಟ್ಟದ ಮೇಲೆ ಪೊಲೀಸ್ ಇರ್ತಾರಾ?"

ಇಲ್ಲ ಅಂದೆ.

"ಮತ್ತೆ ಹೆಲ್ಮೆಟ್ ಯಾಕಮ್ಮಾ?"

ಥರ್ಮಾಕೋಲು

ಕೊನೆಗೆ ಶೋಳಿಂಗನಲ್ಲೂರಿನ ಗೋಡೆಯ ಪಕ್ಕದಲ್ಲೇ ಇರುವ, ಹಗ್ಗ ಕೊಕ್ಕೆ ಮಾರುವ ಅಂಗಡಿಗೆ ಹೋದೆವು. ಅಂಗಡಿಯವನು ಬಂಡೆಗಳ ಮೇಲೆಯೇ ತಲೆ ನರೆಸಿಕೊಂಡವನು. ಅಮ್ಮನನ್ನು "ಪಾಟಿ, ಉಕ್ಕಾರುಂಗೊ" ಅಂತ ಅಜ್ಜಿಯ ಮರ್ಯಾದೆ ಕೊಟ್ಟು ಕುರ್ಚಿ ಹಾಕಿ ಕೂರಿಸಿದ. ಅಮ್ಮ ಕೂರಲಿಲ್ಲ.

ತೆಂಗಿನಕಾಯಿಯಾಗಲಿ ಮಡಕೆಯಾಗಲಿ, ಅಮ್ಮ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, ಸದ್ದು ಒಪ್ಪಿದರೆ ಮಾತ್ರ ಕೊಳ್ಳುವುದು. ಪಲ್ಲಾವರಂ ಸಂತೆಯಲ್ಲಿ ಮಡಕೆಯವರು ಅವಳನ್ನು ದೂರದಿಂದ ಕಂಡರೇ ಬಿರುಕು ಬಿಟ್ಟವನ್ನು ಹಿಂದಕ್ಕೆ ಸರಿಸುತ್ತಾರೆ. ಇಲ್ಲಿ ಹೆಲ್ಮೆಟ್ಟುಗಳನ್ನು ಒಂದೊಂದಾಗಿ ನನ್ನ ತಲೆಗೆ ಹಾಕಿಸಿ ಕುಟ್ಟಿದಳು. ಒಂದರ ಸದ್ದು ಟೊಳ್ಳು ಅಂದಳು. ಅದು ಹೆಲ್ಮೆಟ್ಟಿನ ಸದ್ದೋ ಒಳಗಿನದರದ್ದೋ ಅಂತ ಸ್ಪಷ್ಟಪಡಿಸಲಿಲ್ಲ.

ಆಮೇಲೆ ಒಂದನ್ನು ತಿರುಗಿಸಿ ಒಳಗೆ ನೋಡಿದಳು. "ಇದು ಥರ್ಮಾಕೋಲು. ಟೀವಿ ಜೊತೆ ಬರತ್ತಲ್ಲ, ಅದೇ."

ಅಂಗಡಿಯವನು ಅದರ ಮಹಿಮೆಯನ್ನು ವಿವರಿಸಿದ. ಮೇಲಿಂದ ಕಲ್ಲು ಬಿದ್ದರೆ ಇದು ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುತ್ತದೆ, ಆಮೇಲೆ ಎಸೆದು ಹೊಸದು ತೊಗೋಬೇಕು. ಅಮ್ಮ ಭಕ್ತಿಯಿಂದ ಕೇಳಿಸಿಕೊಂಡು, ಒಡೆಯದೇ ಇರುವುದು ಇದ್ದರೆ ತೋರಿಸು ಅಂದಳು.

ಅವಳ ಬೇಡಿಕೆಗಳು ಒಂದೊಂದಾಗಿ ಹೊರಬಿದ್ದವು. ಹತ್ತಿಯ ಹಾಗೆ ಹಗುರವಿರಬೇಕು, ಕುತ್ತಿಗೆ ನೋಯಬಾರದು. ಹಿಂದಿನ ತಿರುಪು ತಿರುಗಿಸಿದರೆ ಸಣ್ಣ ತಲೆಗೂ ಕೂರಬೇಕು. ಗಲ್ಲದ ಪಟ್ಟಿಯ ಗುಂಡಿ ಕನ್ನಡಕವಿಲ್ಲದೆ ಹಾಕುವ ಹಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಹಿಂದುಗಡೆ ತುರುಬಿಗೆ ಜಾಗ ಬಿಟ್ಟಿರಬೇಕು.

ಅಂಗಡಿಯವನು ನನ್ನ ತಲೆಯನ್ನು ನೋಡಿದ. ನನ್ನ ಕೂದಲು ಎಷ್ಟೋ ವರ್ಷದಿಂದ ಬೆರಳುದ್ದವೂ ಇಲ್ಲ.

"ನಾಳೆ ಬೆಳೆಯಲ್ವಾ?" ಅಂದಳು ಅಮ್ಮ.

ನಾನೇ ಕೈಬಿಟ್ಟ ನನ್ನ ಕೂದಲಿನ ಮೇಲೆ ಇವಳಿಗೆ ಇನ್ನೂ ಎಷ್ಟು ನಂಬಿಕೆ. ಹಗುರವಾದ, ಅರಿಶಿನ ಬಣ್ಣದ, ತುರುಬಿಗೆ ಜಾಗವಿದ್ದ ಒಂದನ್ನು ಆರಿಸಿದಳು. ಥರ್ಮಾಕೋಲಿನದೇ.

ನಿಂಬೆಹಣ್ಣು

ಹೊಸ ಹೆಲ್ಮೆಟ್ಟಿಗೆ ಪೂಜೆಯಾಗದೆ ಬಂಡೆಗೆ ಹೋಗುವ ಹಾಗಿರಲಿಲ್ಲ. ನಮ್ಮ ಮನೆಯ ವಾಧ್ಯಾರರು ವಾಹನ ಪೂಜೆಯಲ್ಲಿ ಪಳಗಿದ ಪುರೋಹಿತರು. ಅರ್ಚನೆ, ಮಂಗಳಾರತಿ ಎಲ್ಲ ಸುಸೂತ್ರವಾಗಿ ಆಯಿತು. ಕೊನೆಗೆ ನಿಂಬೆಹಣ್ಣು ಕೈಯಲ್ಲಿ ಹಿಡಿದು ವಾಧ್ಯಾರರು ಪೆಚ್ಚಾದರು. ಗಾಡಿಯಾದರೆ ಚಕ್ರದ ಕೆಳಗೆ ಇಡಬಹುದು. ಹೆಲ್ಮೆಟ್ಟಿಗೆ ಎಲ್ಲಿಡುವುದು?

ಯಾವುದು ಓಡಾಡುತ್ತದೋ ಅದರ ಕೆಳಗೆ ಇಡುವುದು ಕ್ರಮ ಅಂತ ಗೊಣಗಿದರು.

"ಓಡಾಡೋದು ಇವಳೇ" ಅಂತ ಅಮ್ಮ ನನ್ನನ್ನು ತೋರಿಸಿದಳು.

ನನ್ನ ಎರಡು ಪಾದದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟು ವಾಧ್ಯಾರರು ಮಂತ್ರ ಹೇಳಿದರು. ಆಮೇಲೆ, ಪಾಪ, ಅಭ್ಯಾಸಬಲದಿಂದ "ಸ್ಟಾರ್ಟ್ ಮಾಡಿ" ಅಂದರು.

ತಾನೇ ಬಿಗಿಯಾಗುವ ತಿರುಪು

ಹೆಲ್ಮೆಟ್ಟು ದೇವರ ಮೂಲೆಯಲ್ಲಿ ಇರತೊಡಗಿತು. ನಾನು ಸಂಜೆ ಗೋಡೆಗೆ ಹೋಗುವಾಗ ತಲೆಗಿಟ್ಟರೆ ಕಿತ್ತಳೆ ಹಣ್ಣಿನ ಮೇಲೆ ನಿಂಬೆಯ ಸಿಪ್ಪೆ ಕೂರಿಸಿದ ಹಾಗಾಗುತ್ತಿತ್ತು. ತಿರುಪು ಸಡಿಲ ಮಾಡಿ ಹಾಕಿಕೊಂಡು ಹೋಗುತ್ತಿದ್ದೆ. ಎರಡು ದಿನ ಬಿಟ್ಟು ತೆಗೆದರೆ ಮತ್ತೆ ಬಿಗಿ. ಹೀಗೇ ನಡೆಯಿತು. ಅಂಗಡಿಗೆ ಹೋಗಿ, ಈ ತಿರುಪು ತಾನಾಗಿಯೇ ತಿರುಗುತ್ತದೆ ಅಂತ ಜಗಳ ಆಡಿದೆ.

ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿದ. ತಿರುಪು ಸರಿಯಾಗಿಯೇ ಇದೆ ಅಂದ. "ಮೇಡಂ, ಹೆಲ್ಮೆಟ್ ಚಿಕ್ಕದಾಗಲ್ಲ. ಬಂಡೆ ಹತ್ತೋಕೆ ಶುರು ಮಾಡಿದವರಿಗೆ ಮೊದಮೊದಲು ತಲೆ ಸ್ವಲ್ಪ ದೊಡ್ಡದಾಗತ್ತೆ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನನಗಲ್ಲ, ಹೆಲ್ಮೆಟ್ಟಿಗೆ.

ಶಿಖರ

ಬಂಡೆಗೆ ಹೋಗುವ ಭಾನುವಾರ ಬಂತು. ಬೆಳಿಗ್ಗೆ ವ್ಯಾನು ಕೆಳಗೆ ಹಾರನ್ ಹೊಡೆಯುತ್ತಿದೆ, ದೇವರ ಮೂಲೆಯಲ್ಲಿ ಹೆಲ್ಮೆಟ್ಟಿಲ್ಲ. ಅಮ್ಮಾ ಅಂತ ಕೂಗಿದೆ.

"ಕೂಗಬೇಡ್ವೇ, ಕಾಲು ತಪ್ಪತ್ತೆ" ಅಂತ ಉಗ್ರಾಣದಿಂದ ಉತ್ತರ ಬಂತು. ದನಿ ಬಂದದ್ದು ಮೇಲಿನಿಂದ.

ಓಡಿದೆ. ಸ್ಟೂಲಿನ ಮೇಲೆ ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ತಲೆಯ ಮೇಲೆ ಅರಿಶಿನ ಬಣ್ಣದ ಹೆಲ್ಮೆಟ್ಟು, ಗಲ್ಲದ ಕೆಳಗೆ ಪಟ್ಟಿ ಶಿಸ್ತಾಗಿ ಬಿಗಿದಿದೆ. ಹಿಂದೆ ಬಿಟ್ಟ ಜಾಗದಿಂದ ಅವಳ ಬೆಳ್ಳಿ ತುರುಬು, ಅಳತೆ ಕೊಟ್ಟು ಮಾಡಿಸಿದ ಹಾಗೆ, ಹೊರಗೆ ಬಂದಿದೆ. ಪರಣಿನ ಅಂಚಿನಲ್ಲಿ ಗೊಂಬೆಗಳು ಧೂಳು ಒರೆಸಿಕೊಂಡು ಸಾಲಾಗಿ ನಿಂತಿವೆ. ಅದು ಒಂದು ದಿನದ ಕೆಲಸವಲ್ಲ.

ನಾನು ಏನಾದರೂ ಹೇಳುವ ಮೊದಲೇ ಅಮ್ಮ ಹೇಳಿದಳು:

"ಹೆಲ್ಮೆಟ್ ಹಾಕ್ಕೊಂಡಿದೀನಿ. ಕೆಳಗೊಬ್ಬರು ಇರಬೇಕು ಅಂತ ನೀನೇ ಅಂದಿದ್ದೆ. ಇಷ್ಟು ದಿನ ಎದುರುಮನೆ ಮಾಮಿ ಬಂದು ನಿಲ್ತಿದ್ದಳು. ಇವತ್ತು ನೀನೇ ಇದೀಯ, ಗಟ್ಟಿಯಾಗಿ ಹಿಡ್ಕೋ."

ನನ್ನ ಮಾತೇ ನನಗೆ ತಿರುಗಿ ಬಂದಿತ್ತು. ಎರಡು ಕೈಯಲ್ಲೂ ಸ್ಟೂಲು ಹಿಡಿದು, ಜನ್ಮದಲ್ಲಿ ಯಾವ ಹಗ್ಗವನ್ನೂ ಹಿಡಿಯದಷ್ಟು ಗಟ್ಟಿಯಾಗಿ ನಿಂತೆ. ಕೆಳಗೆ ವ್ಯಾನು ಹಾರನ್ ಹೊಡೆಯುತ್ತಲೇ ಇತ್ತು. ಅಮ್ಮ ಅಂಗಡಿ ಇಟ್ಟ ಚೆಟ್ಟಿಯಾರ್ ದಂಪತಿಯ ಗೊಂಬೆಗಳ ಜೋಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಕಾಲು ಊರಿ ಇಳಿದಳು. ಹೆಲ್ಮೆಟ್ ಕೊಡಮ್ಮ, ಹೊತ್ತಾಯಿತು ಅಂದೆ.

ಅಮ್ಮ ಅದನ್ನು ತಲೆಯ ಮೇಲೆಯೇ ತಡವಿಕೊಂಡಳು. "ನೀನು ತೊಗೊಂಡು ಹೋಗಿ ಸಡಿಲ ಮಾಡ್ಕೊಂಡು ಬರ್ತೀಯ. ದಿನಾ ನಾನು ಬಿಗಿ ಮಾಡ್ಕೊಂಡು ಕೂತ್ಕೋಬೇಕು."

ಮುಂಗಾಲು ಮುರಿದ ಕುದುರೆಯ ಹಾಗೆ ಮೆಟ್ಟಿಲಿಳಿದೆ. ಇನ್ನು ಆ ಸಾರ್ವಜನಿಕ ಹೆಲ್ಮೆಟ್ಟೇ ಗತಿ ಅಂದುಕೊಂಡು ವ್ಯಾನು ಹತ್ತುವಾಗ ಬಾಲ್ಕನಿಯಿಂದ ಅಮ್ಮನ ದನಿ ಬಂತು. ಹೆಲ್ಮೆಟ್ಟು ಇನ್ನೂ ತಲೆಯ ಮೇಲೇ ಇತ್ತು.

"ನಿನಗೂ ಒಂದು ಬೇಕಿದ್ದರೆ ಹೇಳೇ, ಹೋಗಿ ತರೋಣ. ನಾನೇ ಆರಿಸಿಕೊಡ್ತೀನಿ."